ಉಬ್ಬೆಯೂ ಯಂತ್ರವೂ

ಬಟ್ಟೆಯನ್ನು ಉಟ್ಟವರ ಚರಿತ್ರೆಯನ್ನು ಬರೆದವರು ಅನೇಕರುಂಟು. ಒಗೆದವರ ಚರಿತ್ರೆಗೆ ಲೇಖನಿ ಹಿಡಿದವರು ವಿರಳ. ಮಸ್ಕಿಯ ಬಂಡೆಯ ಮೇಲೆ ದೇವಾನಾಂಪ್ರಿಯನಾದ ಅಶೋಕನ ಹೆಸರು ಎರಡು ಸಹಸ್ರ ವರ್ಷಗಳಿಗೂ ಮಿಕ್ಕು ನಿಂತಿದೆ. 1915ರಲ್ಲಿ ಚಿನ್ನದ ಅನ್ವೇಷಣೆಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರನು ಅದನ್ನು ಕಂಡು ಲೋಕಕ್ಕೆ ತಿಳಿಸಿದನು. ಅದೇ ಸೀಮೆಯ ಹಳ್ಳಗಳ ದಂಡೆಯಲ್ಲಿ ತಲೆಮಾರುಗಳ ಕೈಯೇಟಿಗೆ ನುಣುಪಾದ ಬೇರೆ ಕಲ್ಲುಗಳೂ ಇವೆ. ಅವುಗಳ ಮೇಲೆ ಅಕ್ಷರವಿಲ್ಲ. ಅವು ಮಡಿವಾಳರ ಒಗೆಯುವ ಕಲ್ಲುಗಳು. ಆ ಕಲ್ಲುಗಳ ಕೆಲಸವನ್ನು ಈಗ ಯಂತ್ರವು ಕೇಳುತ್ತಿರುವಾಗ, ಆ ಯಂತ್ರವು ಎಂಥದ್ದಾಗಿರಬೇಕು, ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯು ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ಊರುಗಳ ಮಟ್ಟಿಗಾದರೂ ವಿಚಾರಾರ್ಹವಾಗಿದೆ.

ಈ ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ಆದರೆ ಒಂದೊಂದರ ಬಟ್ಟೆಯ ಕೊಳೆಯೂ ಒಂದೊಂದು ಬಗೆಯದು. ಸಿಂಧನೂರಿನದು ಗದ್ದೆಯ ಕೆಸರು ಮತ್ತು ಅಕ್ಕಿಯ ಗಿರಣಿಯ ತೌಡಿನ ಧೂಳು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದು ಸಂಸ್ಥಾನದ ಸೈನ್ಯದ ಛಾವಣಿಯಿದ್ದ ಸ್ಥಳ, ಜಿಲ್ಲೆಯ ಮುಖ್ಯಸ್ಥಾನವೂ ಆಗಿದ್ದುದು. ಅದರ ತಾಲ್ಲೂಕಿನಲ್ಲೇ ಹಟ್ಟಿಯ ಚಿನ್ನದ ಗಣಿಯಿದೆ. ನೆಲದಡಿಯಿಂದ ಮೇಲೆ ಬಂದ ಕಾರ್ಮಿಕನ ಉಡುಪನ್ನು ಒಗೆಯುವುದು ಮದುವೆಯ ಪೀತಾಂಬರವನ್ನು ಒಗೆದಂತಲ್ಲ. ಮಸ್ಕಿಯಾದರೋ ಇತ್ತೀಚೆಗೆ ತಾಲ್ಲೂಕಾದ ಊರು. ಕಚೇರಿ ಬಂದಲ್ಲಿ ಬಿಳಿಯ ಅಂಗಿ ಬರುತ್ತದೆ, ಬಿಳಿಯ ಅಂಗಿ ಬಂದಲ್ಲಿ ಇಸ್ತ್ರಿಯ ಪೆಟ್ಟಿಗೆ ಬರುತ್ತದೆ.

ಹಿಂದಿನ ಕ್ರಮವನ್ನು ಇಂದಿನ ತರುಣರಲ್ಲಿ ಅನೇಕರು ಕಂಡಿರಲಾರರು. ಮಡಿವಾಳರು ಊರಿನ ಆಯಗಾರರಲ್ಲಿ ಒಬ್ಬರು. ಅವರಿಗೆ ಬಟ್ಟೆಗಿಷ್ಟೆಂದು ದುಡ್ಡು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಜೋಳವನ್ನು ಅಳೆದು ಕೊಡುತ್ತಿದ್ದರು. ಮನೆಯಾಕೆ ಮನೆಮನೆಗೆ ಹೋಗಿ ಮೈಲಿಗೆಯ ಗಂಟನ್ನು ಕಟ್ಟಿ ತರುವಳು. ಯಾರ ಬಟ್ಟೆ ಯಾವುದೆಂದು ತಿಳಿಯಲು ಕೇರುಬೀಜದ ರಸದಿಂದ ಅಂಚಿನಲ್ಲಿ ಒಂದು ಕಪ್ಪು ಗುರುತು; ಎಷ್ಟು ಸಲ ಒಗೆದರೂ ಅದು ಹೋಗದು. ಅಕ್ಷರವನ್ನು ಕಲಿಯದ ಜನರು ನೂರು ಮನೆಗಳ ಬಟ್ಟೆಯನ್ನು ಆ ಗುರುತುಗಳಿಂದ ಬೇರ್ಪಡಿಸುತ್ತಿದ್ದರೆಂದರೆ, ಅದನ್ನು ಒಂದು ಲಿಪಿಯೆಂದೇ ಕರೆಯಬೇಕಾಗುತ್ತದೆ. ಗಂಟು ಕತ್ತೆಯ ಬೆನ್ನೇರಿ ಹಳ್ಳಕ್ಕೆ ಹೋಗುವುದು. ಅಲ್ಲಿ ಒರಟು ಬಟ್ಟೆಯನ್ನೆಲ್ಲ ಸವುಳು ಮಣ್ಣಿನ ನೀರಿನಲ್ಲಿ ಅದ್ದಿ, ಕುದಿಯುವ ನೀರಿನ ಹಂಡೆಯ ಬಾಯಿಯ ಮೇಲೆ ಸುತ್ತಲೂ ಒಟ್ಟಿ, ರಾತ್ರಿಯೆಲ್ಲ ಕೆಳಗೆ ಉರಿಯಿಟ್ಟು ಆವಿಯಲ್ಲಿ ಬೇಯಿಸುವರು. ಅದಕ್ಕೆ ಉಬ್ಬೆ ಹಾಕುವುದೆಂದು ಹೆಸರು. ಸವುಳಿನಲ್ಲಿರುವ ಸೋಡಾ ಕ್ಷಾರವು ಜಿಡ್ಡನ್ನು ಕರಗಿಸುತ್ತದೆ. ಆವಿಯು ಎಳೆಎಳೆಯೊಳಗೆ ಹೊಕ್ಕು ಕೊಳೆಯನ್ನು ಸಡಿಲಿಸುತ್ತದೆ, ರೋಗದ ಬೀಜವನ್ನೂ ಕೊಲ್ಲುತ್ತದೆ. ಬೆಳಗ್ಗೆ ಕಲ್ಲಿನ ಮೇಲೆ ಬಡಿದು, ಹರಿವ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರವಿದರೆ ಕೆಲಸ ತೀರಿತು. ಆಸ್ಪತ್ರೆಯ ಹಾಸಿಗೆಯ ಬಟ್ಟೆಗೆ ಇಂದಿನ ಯಂತ್ರಗಳು ಕ್ಷಾರ, ಶಾಖ, ತಾಡನ, ಜಾಲನ ಎಂಬ ಯಾವ ನಾಲ್ಕನ್ನು ಪ್ರಯೋಗಿಸುತ್ತವೆಯೋ, ಆ ನಾಲ್ಕೂ ಉಬ್ಬೆಯಲ್ಲಿದ್ದವು. ಇಲ್ಲದಿದ್ದುದು ಮಡಿವಾಳರ ಸೊಂಟಕ್ಕೆ ವಿಶ್ರಾಂತಿ ಮಾತ್ರ.

ಸವುಳಿನ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಿಯೇ ಮುಂದುವರಿಯಬೇಕು. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆಯ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳಿಗೆ ಹರಿದ ಮೇಲೆ, ಜೋಳ ಹತ್ತಿಗಳ ನಾಡು ಭತ್ತದ ನಾಡಾಯಿತು. ನೀರು ಹೆಚ್ಚಾಗಿ ನಿಂತ ಕಡೆಗಳಲ್ಲಿ ನೆಲದೊಳಗಿನ ಉಪ್ಪು ಮೇಲೆದ್ದು ಬಂದು ಹೊಲಗಳು ಸವುಳು ಜವುಳಾದವು. ಗಂಗಾವತಿಯ ಸಂಶೋಧನಾ ಕೇಂದ್ರದವರು ಇಂಥ ಭೂಮಿಯನ್ನು ತಿದ್ದುವ ಕೆಲಸದಲ್ಲಿ ತೊಡಗಿದ್ದಾರೆ. ಗದ್ದೆಯ ಸವುಳೆಲ್ಲವೂ ಒಗೆತಕ್ಕೆ ಬರುವ ಸವುಳಲ್ಲ. ಆದರೂ ತಂದೆಯು ಹುಡುಕಿಕೊಂಡು ಹೋಗಿ ಬುಟ್ಟಿಯಲ್ಲಿ ತುಂಬಿ ತರುತ್ತಿದ್ದ ಪದಾರ್ಥದ ಹೆಸರನ್ನು ಕೇಳಿದರೆ ಇಂದು ಮಗನು ಹೌಹಾರುವನೆಂಬುದು ವಿಚಿತ್ರವೇ ಸರಿ.

ಕಾಲುವೆಯು ದುಡ್ಡನ್ನು ತಂದಿತು. ದುಡ್ಡು ಆಯದ ಕಟ್ಟನ್ನು ಸಡಿಲಿಸಿತು. ನೂಲಿನ ಬಟ್ಟೆಯ ಸ್ಥಳದಲ್ಲಿ ಪಾಲಿಯೆಸ್ಟರು ಬಂದಿತು. ಅದಕ್ಕೆ ಉಬ್ಬೆ ಬೇಡ. ಸಾಬೂನು ಪುಡಿಯ ಪೊಟ್ಟಣ ಬಂದಿತು. ಅದಕ್ಕೆ ಸವುಳು ಬೇಡ. ಕಡೆಗೆ ಮನೆಯ ಯಂತ್ರ ಬಂದಿತು. ಅದಕ್ಕೆ ಮಡಿವಾಳರೇ ಬೇಡ. ಮನೆಯ ಹೆಂಗಸರಿಗೆ ಅದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಬಾವಿಕಟ್ಟೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅರ್ಧ ಹಗಲನ್ನು ಕಳೆಯುತ್ತಿದ್ದ ತಾಯಂದಿರು ಈಗ ಆ ಹೊತ್ತಿನಲ್ಲಿ ಪುಸ್ತಕವನ್ನು ಓದುತ್ತಾರೋ ಇಲ್ಲವೋ, ಅದು ಬೇರೆ ಮಾತು. ಓದಬಹುದಾದ ಹೊತ್ತು ದೊರೆಯಿತೆಂಬುದೇ ಸಾಲದೆ? ಇನ್ನೊಂದು ಉಪಕಾರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೂತಕದ ಬಟ್ಟೆ, ಬಾಣಂತಿಯ ಬಟ್ಟೆ, ಮುಟ್ಟಿನ ಬಟ್ಟೆ ಇವುಗಳನ್ನು ತೊಳೆಯಲು ಒಂದು ಕುಲದ ಕೈಯನ್ನೇ ಮೀಸಲಾಗಿಟ್ಟು, ತೊಳೆದ ಕೈಯನ್ನೇ ಮೈಲಿಗೆಯೆಂದು ದೂರವಿಟ್ಟ ಸಮಾಜವಿದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವನು ಅದೇ ಕಾಯಕವನ್ನು ತಲೆಯೆತ್ತಿ ಮಾಡಿದನು. ಶರಣರ ಬಟ್ಟೆಯನ್ನಲ್ಲದೆ ಅನ್ಯರದನ್ನು ಮುಟ್ಟನೆಂಬುದು ಅವನ ವ್ರತವಾಗಿತ್ತೆಂದು ಹೇಳುತ್ತಾರೆ. ಅವನ ಕುಲದವರಿಗೆ ಆ ಆಯ್ಕೆಯು ಮುಂದೆ ಉಳಿಯಲಿಲ್ಲ. ಯಂತ್ರಕ್ಕೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಅಷ್ಟರಮಟ್ಟಿಗೆ ಅದು ಒಂದು ಕುಲದ ಕೈಯನ್ನು ಬಿಡಿಸಿತು. ಕೈಯನ್ನು ಬಿಡಿಸಿದಾಗಲೇ ಬಾಯಿಯ ತುತ್ತನ್ನೂ ಬಿಡಿಸಿತೆಂಬುದೇ ತೊಡಕು.

ಸರಕಾರವು ಇದನ್ನು ಅರಿಯದೆ ಇಲ್ಲ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಕರ್ನಾಟಕ ಸರಕಾರವು ಸುಮಾರು 60,000 ಮಡಿವಾಳರಿಗೆ ತಲಾ 5,000 ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಆದರೆ ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯು ಅರಿಯದೆ ತೆಗೆದುಕೊಳ್ಳುವುದುಂಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಕಾರ ಮನೆಗಳಿಗೆ ಗರಿಷ್ಠ 200 ಯೂನಿಟ್ಟುಗಳ ಮಿತಿಯಲ್ಲಿ ವಿದ್ಯುತ್ತು ಉಚಿತ. ಅದು ಬಡವರ ಮನೆಯನ್ನು ಬೆಳಗಿದ ಯೋಜನೆ. ಅದನ್ನು ನಿಂದಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಗೃಹಸ್ಥನ ಮನೆಯ ಯಂತ್ರವು ಬಿಲ್ಲಿಲ್ಲದೆ ತಿರುಗುವಾಗ, ಮಡಿವಾಳರ ಅಂಗಡಿಯ ಯಂತ್ರವು ವಾಣಿಜ್ಯ ದರದ ಮೀಟರಿನ ಮೇಲೆ ತಿರುಗಬೇಕು. ಸ್ಪರ್ಧೆಯೆಂದರೆ ಇದೇ!

ಹೀಗಿರುವಲ್ಲಿ ಮನೆಗಳ ಬಟ್ಟೆಯು ಮತ್ತೆ ಮಡಿವಾಳರ ಬಾಗಿಲಿಗೆ ಬರುವುದೆಂಬ ಆಸೆಯನ್ನು ಬಿಡತಕ್ಕದ್ದು. ಉಳಿದಿರುವುದು ವಿದ್ಯಾರ್ಥಿನಿಲಯ, ವಸತಿಗೃಹ, ಖಾಸಗಿ ಆಸ್ಪತ್ರೆ, ಕಲ್ಯಾಣಮಂಟಪ, ಖಾನಾವಳಿ, ಗಣಿಯ ಉಡುಪು. ಇವುಗಳ ಬಟ್ಟೆಯು ಮನೆಯ ಯಂತ್ರಕ್ಕೆ ಬಲು ಹೆಚ್ಚು. ದೊಡ್ಡ ನಗರದ ಕಾರ್ಖಾನೆಯಂಥ ಧೋಬಿಖಾನೆಗೆ ಬಲು ಕಡಿಮೆ. ಈ ನಡುವಣ ಅಳತೆಗೆ ಒಪ್ಪುವ ಯಂತ್ರವನ್ನು ಅರೆವಾಣಿಜ್ಯದ್ದೆಂದು ಕರೆಯಬಹುದು. ಸುಂಕದ ಪಟ್ಟಿಯನ್ನು ರಚಿಸಿದವರಿಗೂ ಈ ಗಡಿಯ ಅರಿವಿದ್ದಂತೆ ತೋರುತ್ತದೆ: ಒಗೆಯುವ ಯಂತ್ರಗಳಿಗೆ ಮೀಸಲಾದ 8450ನೆಯ ಶೀರ್ಷಿಕೆಯ ಕೆಳಗೆ, ಒಣಬಟ್ಟೆಯ ತೂಕ 10 ಕಿಲೋಗ್ರಾಂ ಮೀರದವುಗಳನ್ನು ಒಂದು ಗುಂಪಾಗಿಯೂ ಮೀರಿದವುಗಳನ್ನು ಇನ್ನೊಂದಾಗಿಯೂ ಇಟ್ಟಿದ್ದಾರೆ. ಈ ಊರುಗಳಿಗೆ ಬೇಕಾದುದು ಆ ಗೆರೆಯ ಮೇಲೆಯೇ ಕುಳಿತಿರುವ ಯಂತ್ರ.

ಅಂಥದಕ್ಕೆ ಬಾಳಿಕೆಯೇ ಮೊದಲ ಗುಣವಾಗಬೇಕು. ಬಾಳಿಕೆಯೆಂಬುದು ಜಾಹೀರಾತಿನ ಮಾತಲ್ಲ, ಲೆಕ್ಕದ ಮಾತು. ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತದ ರಿಪನ್ ಎಂಬ ಊರಿನಲ್ಲಿ 1908ರಲ್ಲಿ ಹುಟ್ಟಿದ ಕಂಪನಿಯು ತಯಾರಿಸುವ ಸ್ಪೀಡ್ ಕ್ವೀನ್ ಯಂತ್ರಗಳು ಗಟ್ಟಿತನಕ್ಕೆ ಹೆಸರಾದವು. ಅವು 10,400 ಸರದಿಗಳವರೆಗೆ ಬಾಳುವಂತೆ ಪರೀಕ್ಷಿತವಾದವೆಂದು ತಯಾರಕರು ಹೇಳಿಕೊಳ್ಳುತ್ತಾರೆ. ವಾರಕ್ಕೆ 8 ಸರದಿಯಂತೆ 25 ವರ್ಷ. ಈಗ ಅದೇ ಯಂತ್ರವನ್ನು ಸಿಂಧನೂರಿನ ಒಂದು ವಿದ್ಯಾರ್ಥಿನಿಲಯದ ಬಟ್ಟೆಗೆ ಹಚ್ಚಿ, ವಾರಕ್ಕೆ 8ರ ಬದಲು ದಿನಕ್ಕೆ 8 ಸರದಿ ತಿರುಗಿಸಿದರೆ, 1,300 ದಿನಗಳಲ್ಲಿ ಲೆಕ್ಕ ತೀರಿತು, ಮೂರೂವರೆ ವರ್ಷ. ಗಟ್ಟಿಯೆಂದು ಹೆಸರಾದುದರ ಗತಿಯೇ ಹೀಗಾದರೆ, ದಿನಕ್ಕೊಂದು ಸರದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಗುರಾಗಿ ಕಟ್ಟಿದ ಮನೆಯ ಯಂತ್ರದ ಗತಿಯನ್ನು ವಾಚಕರೇ ಊಹಿಸಬಹುದು.

ಯಂತ್ರವು ಸಾಯುವ ಬಗೆಯನ್ನು ಬಲ್ಲವನೇ ಅದನ್ನು ಬದುಕಿಸುವಂತೆ ಕಟ್ಟಬಲ್ಲನು. ಮುಂದಿನಿಂದ ಬಟ್ಟೆ ತುಂಬುವ ಯಂತ್ರಗಳಲ್ಲಿ ಡ್ರಮ್ಮಿನ ಹಿಂದೆ ಮೂರು ಕಾಲಿನ ಒಂದು ಆಧಾರವಿರುತ್ತದೆ. ಬಹುಶಃ ಅದು ಅಲ್ಯೂಮಿನಿಯಮ್ಮಿನ ಎರಕ. ಪುಡಿಯ ಕ್ಷಾರವು ಅದನ್ನು ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ತಿನ್ನುತ್ತದೆ. ಹೊರಗಿನಿಂದ ಏನೂ ಕಾಣದು. ಒಂದು ದಿನ ಭರ್ರೆಂದು ತಿರುಗುವಾಗ ಮುರಿಯುತ್ತದೆ. ಅದಕ್ಕಿಂತ ಸಾಮಾನ್ಯವಾದುದು ಬೇರಿಂಗಿನ ಮರಣ. ರಬ್ಬರಿನ ಸೀಲು ಸವೆದು ನೀರು ಒಳಹೊಕ್ಕರೆ ಬೇರಿಂಗು ತುಕ್ಕು ಹಿಡಿದು ಎತ್ತಿನಬಂಡಿಯ ಅಚ್ಚಿನಂತೆ ಅರಚತೊಡಗುತ್ತದೆ. ಬೇರಿಂಗಿನ ಬೆಲೆ ಹೆಚ್ಚಲ್ಲ. ಆದರೆ ಅಗ್ಗದ ಅನೇಕ ಯಂತ್ರಗಳಲ್ಲಿ ಹೊರತೊಟ್ಟಿಯು ಎರಡು ಪ್ಲಾಸ್ಟಿಕ್ ಹೋಳುಗಳನ್ನು ಕಾಸಿ ಬೆಸೆದುದಾಗಿರುತ್ತದೆ; ಅದನ್ನು ಬಿಚ್ಚಲಾಗದು. ಅಲ್ಪ ಬೆಲೆಯ ಬೇರಿಂಗಿಗಾಗಿ ಇಡೀ ತೊಟ್ಟಿಯನ್ನೇ ಕೊಳ್ಳಬೇಕು. ತೊಟ್ಟಿಯ ಬೆಲೆಯನ್ನು ಕೇಳಿದವನು ಹೊಸ ಯಂತ್ರವನ್ನೇ ಕೊಳ್ಳುತ್ತಾನೆ. ಇದನ್ನು ಯೋಜಿಸಿದವನ ಜಾಣತನವನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯದು. ದುಡಿಮೆಯ ಯಂತ್ರಕ್ಕೆ ತೊಟ್ಟಿಯನ್ನು ಬೋಲ್ಟುಗಳಿಂದ ಬಿಗಿದಿರಬೇಕು; ಬೇರಿಂಗು ದೊಡ್ಡದಾಗಿರಬೇಕು; ಡ್ರಮ್ಮೂ ತೊಟ್ಟಿಯೂ ತುಕ್ಕು ಹಿಡಿಯದ ಉಕ್ಕಿನದಾಗಿರಬೇಕು. ಹಿಂಡುವಾಗಿನ ಬಲವಾದರೂ ಎಷ್ಟು? ಅರ್ಧ ಮೀಟರು ಅಗಲದ ಡ್ರಮ್ಮು ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಒಂದು ಕಿಲೋಗ್ರಾಂ ಒದ್ದೆ ಬಟ್ಟೆಯು ಒಂದೇ ಮಗ್ಗುಲಿಗೆ ಸೇರಿಕೊಂಡರೆ, ಅದು ಸುಮಾರು 280 ಕಿಲೋಗ್ರಾಂ ಭಾರದಷ್ಟು ಬಲದಿಂದ ಅಚ್ಚನ್ನು ಎಳೆಯುತ್ತದೆ. ಒದ್ದೆಯಾದ ಒಂದು ಕಂಬಳಿಯಿಂದ ಯಂತ್ರವು ಕುಣಿದು ಗೋಡೆಗೆ ಹಾಯುವುದೇಕೆಂಬುದು ಇದರಿಂದ ಸ್ಪಷ್ಟ.

ಇದೆಲ್ಲ ಯಾವ ದೇಶಕ್ಕಾದರೂ ಸಲ್ಲುವ ಮಾತು. ಈ ಸೀಮೆಗೆ ವಿಶೇಷವಾದ ಎರಡು ಕಷ್ಟಗಳಿವೆ. ಒಂದು ನೀರು. ಕೊಳವೆಬಾವಿಯ ನೀರು ಗಡಸಾದರೆ ಸುಣ್ಣವು ಕಾಸುವ ಸುರುಳಿಯ ಮೇಲೆ ಹೊಪ್ಪಳಿಕೆಯಂತೆ ಕೂರುತ್ತದೆ. ಕಾಲುವೆಯ ನೀರು ಮೆದುವಾದರೂ ಹೊಸ ನೀರು ಬಿಟ್ಟ ದಿನಗಳಲ್ಲಿ ಕೆಂಪಗೆ ಬಂದು ಒಳನಾಳದ ಜಾಲರಿಯನ್ನು ಮುಚ್ಚುತ್ತದೆ. ಬೇಸಗೆಯಲ್ಲಿ ಕಾಲುವೆ ನಿಂತಾಗ ಊರಿನವರು ಕೆರೆಯ ಸಂಗ್ರಹವನ್ನೇ ನೆಚ್ಚಬೇಕು. ಸ್ವಯಂಚಾಲಿತ ಯಂತ್ರಗಳು ಸಾಮಾನ್ಯವಾಗಿ ಅಪೇಕ್ಷಿಸುವ ಕನಿಷ್ಠ ಒತ್ತಡಕ್ಕೆ ಮೂರು ಮೀಟರುಗಳಷ್ಟಾದರೂ ಎತ್ತರದಲ್ಲಿ ನೀರಿನ ಟಾಕಿ ಇರಬೇಕು. ತಗಡಿನ ಮಾಡಿನ ಅಂಗಡಿಗೆ ಅಷ್ಟೆತ್ತರದ ಟಾಕಿಯೆಲ್ಲಿಯದು? ಕೊಡದಿಂದ ನೀರು ಸುರಿಯಬಹುದಾದ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರಗಳು ಇಂಥ ಊರುಗಳಿಗೆ ಒಗ್ಗುವುದು ಅಗ್ಗವೆಂಬ ಕಾರಣಕ್ಕಷ್ಟೇ ಅಲ್ಲ. ಅವು ಕೊಡದ ಭಾಷೆಯನ್ನು ಬಲ್ಲವು.

ಎರಡನೆಯದು ವಿದ್ಯುತ್ತು. ಇಂಡಕ್ಷನ್ ಮೋಟರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕನುಸಾರವಾಗಿ ಕುಗ್ಗುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಬಲವು ಐದರಲ್ಲಿ ಮೂರು ಪಾಲಿಗೆ ಇಳಿಯಿತು. ದೀಪವು ಮಂಕಾದರೆ ಕಣ್ಣು ಸಹಿಸುತ್ತದೆ. ನೀರು ಕುಡಿದ ಕಂಬಳಿಗಳನ್ನು ಹೊತ್ತ ಮೋಟರು ಸಹಿಸದೆ ಸುಡುತ್ತದೆ. ಕೇರಳದ ರೆಮ್ಯಾ ಜೋಸ್ ಎಂಬ ವಿದ್ಯಾರ್ಥಿನಿಯು ತಾಯಿಯ ಅನಾರೋಗ್ಯದ ಕಾಲದಲ್ಲಿ ಕಾಲಿನಿಂದ ತುಳಿದು ನಡೆಸುವ ಒಗೆಯುವ ಯಂತ್ರವನ್ನು ಕಲ್ಪಿಸಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಮನ್ನಣೆಯನ್ನು ಪಡೆದುದು ಪ್ರಸಿದ್ಧವೇ ಆಗಿದೆ. ಮನೆಗೆ ಅದು ಸೊಗಸು. ದಿನಕ್ಕೆ 80 ಕಿಲೋಗ್ರಾಂ ಬಟ್ಟೆಯನ್ನು ತುಳಿಯುವುದೆಂದರೆ ಮತ್ತೆ ಕಲ್ಲಿನ ಕಡೆಗೇ ನಡೆದಂತೆ.

ಗಟ್ಟಿಯಾದ ಯಂತ್ರವನ್ನು ಕಟ್ಟಬಲ್ಲವರು ದೇಶದಲ್ಲಿ ಇಲ್ಲವೆನ್ನಲಾಗದು. 1974ರಲ್ಲಿ ಸ್ವಿಟ್ಜರ್ಲೆಂಡಿನವರ ಸಹಯೋಗದಿಂದ ಇಂಡಿಯನ್ ಫೈನ್ ಬ್ಲಾಂಕ್ಸ್ ಎಂಬ ಹೆಸರಿನಲ್ಲಿ ಲೋಹದ ಬಿಡಿಭಾಗಗಳನ್ನು ಮಾಡುತ್ತ ಆರಂಭವಾದ ಐ.ಎಫ್.ಬಿ. ಸಂಸ್ಥೆಯು ಇಂದು ಗೋವೆಯ ಕಾರ್ಖಾನೆಯಲ್ಲಿ ಮನೆಯ ಯಂತ್ರಗಳನ್ನು ತಯಾರಿಸುತ್ತದೆ. ವಸತಿಗೃಹ ಆಸ್ಪತ್ರೆಗಳಿಗಾಗಿ ದೊಡ್ಡ ಯಂತ್ರಗಳನ್ನೂ ಮಾರುತ್ತದೆ. ಬೆಂಗಳೂರಿನ ಮಲ್ಲೇಶ್ವರದ ಧೋಬಿಘಾಟಿನಲ್ಲಿ ಮಡಿವಾಳರೇ ದೊಡ್ಡ ಒಗೆಯುವ ಯಂತ್ರ, ಹಿಂಡುವ ಯಂತ್ರಗಳನ್ನು ನಡೆಸುವುದನ್ನು ಯಾರೂ ಹೋಗಿ ನೋಡಬಹುದು. ಅಲ್ಲಿ ಕುಲದ ಕಸುಬು ಯಂತ್ರಕ್ಕೆ ಸೋಲದೆ ಅದರ ಒಡೆತನಕ್ಕೆ ಏರಿದೆ. ಆದರೆ ಅದು ಬೆಂಗಳೂರು. ಅಲ್ಲಿ ಸೀಲು ಹರಿದರೆ ಮಧ್ಯಾಹ್ನದೊಳಗೆ ಹೊಸ ಸೀಲು ಸಿಕ್ಕೀತು. ಲಿಂಗಸುಗೂರಿನಲ್ಲಿ ಯಂತ್ರ ನಿಂತರೆ ಮಿಸ್ತ್ರಿಯು ದೂರದ ಪಟ್ಟಣದಿಂದ ಬರಬೇಕು, ಬಿಡಿಭಾಗವು ಅವನಿಗಿಂತಲೂ ದೂರದಿಂದ. ಅಷ್ಟರಲ್ಲಿ ವಸತಿಗೃಹದ ಹಾಸಿಗೆಯ ಬಟ್ಟೆ ಬೇರೆಯವರ ಪಾಲಾಗುತ್ತದೆ.

ಆದಕಾರಣ ಇಂಥ ಯಂತ್ರವನ್ನು ಈ ಪೇಟೆಗಳಿಗೆ ತರುವವನು ಯಂತ್ರವನ್ನು ಮಾತ್ರ ತಂದರೆ ತಂದಂತಾಗಲಿಲ್ಲ. ಅವನು ಸಿಂಧನೂರಿನಲ್ಲಿ ಒಂದು ಕಪಾಟನ್ನಿಟ್ಟು ಅದರಲ್ಲಿ ಸೀಲು, ಬೇರಿಂಗು, ಬೆಲ್ಟು, ನೀರಿನ ಕವಾಟ, ಹೊರಹಾಕುವ ಪಂಪು ಇವುಗಳನ್ನು ತುಂಬಿಡಬೇಕು. ಪಂಪುಸೆಟ್ಟಿನ ಮೋಟರು ಸುತ್ತುವುದರಲ್ಲಿ ಪಳಗಿದ ಹುಡುಗರು ಈ ಊರುಗಳಲ್ಲಿ ಧಾರಾಳವಾಗಿದ್ದಾರೆ. ಅವರಲ್ಲಿ ಇಬ್ಬರಿಗೆ ಯಂತ್ರವನ್ನು ಬಿಚ್ಚಿ ಜೋಡಿಸುವುದನ್ನು ಕಲಿಸಬೇಕು. ಗುಂಡಿ ಒತ್ತಿದರೆ ಹಾಡು ಹೇಳುವ ಎಲೆಕ್ಟ್ರಾನಿಕ್ ಹಲಗೆಗಿಂತ, ಮಳೆಗಾಲದ ಹಲ್ಲಿಯೊಂದು ಒಳಹೊಕ್ಕರೂ ಕೆಡದ ಸರಳ ಸ್ವಿಚ್ಚು ಇಲ್ಲಿ ಹೆಚ್ಚು ಬೆಲೆಬಾಳುತ್ತದೆ. ಇಷ್ಟನ್ನು ಮಾಡಲು ಕಂಪನಿಗಳಿಗೆ ಮನಸ್ಸಾಗದಿರುವುದು ಏಕೆಂಬುದೂ ಗೂಢವಲ್ಲ. ಮೂರು ಊರುಗಳಲ್ಲಿ ಇಪ್ಪತ್ತು ಗಟ್ಟಿ ಯಂತ್ರಗಳನ್ನು ಮಾರಿ ಹದಿನೈದು ವರ್ಷ ಸುಮ್ಮನಿರುವುದಕ್ಕಿಂತ, ಐದೈದು ವರ್ಷಕ್ಕೆ ಸಾಯುವ ಎರಡು ಸಾವಿರ ಯಂತ್ರಗಳನ್ನು ಮಾರುವುದು ಅವರಿಗೆ ಲಾಭ.

ಇನ್ನು ಕೊಳ್ಳುವವರ ಕೈಯಲ್ಲಿ ಏನಿದೆ? 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಟ್ಟೆ ಒಗೆಯುವ ಕಸುಬೂ ಸೇರಿದೆ. ಉಪಕರಣಕ್ಕೆಂದು 15,000 ರೂಪಾಯಿ. ಇಸ್ತ್ರಿಪೆಟ್ಟಿಗೆಗೆ ಸಾಕು, ಈ ಯಂತ್ರಕ್ಕೆ ಸಾಲದು. ಅದರ ಮೇಲೆ ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ರೂಪಾಯಿ ಸಾಲ, 18 ತಿಂಗಳಲ್ಲಿ ತೀರಿಸತಕ್ಕದ್ದು. ತೀರಿಸಿದವರಿಗೆ 2 ಲಕ್ಷ. ಮೊದಲ ಸಾಲದ ಅಸಲೇ ತಿಂಗಳಿಗೆ ಸುಮಾರು 5,556 ರೂಪಾಯಿ. ಖರ್ಚೆಲ್ಲ ಕಳೆದು ಒಂದು ಬಟ್ಟೆಗೆ 10 ರೂಪಾಯಿ ಉಳಿಯುವುದೆಂದು ಭಾವಿಸಿದರೆ, ಅಸಲಿಗೇ ದಿನಕ್ಕೆ 19 ಬಟ್ಟೆ ಒಗೆಯಬೇಕು. ಬಡ್ಡಿಯೂ ಮನೆಯ ಊಟವೂ ಅದರ ಮೇಲೆ. ಒಂದು ವಿದ್ಯಾರ್ಥಿನಿಲಯದ ಒಪ್ಪಂದವು ಕೈಯಲ್ಲಿದ್ದರೆ ಇದು ಅಸಾಧ್ಯವಲ್ಲ. ಒಪ್ಪಂದವು ಯಾರ ಕೈ ಸೇರುವುದೆಂಬುದೇ ಪ್ರಶ್ನೆ. ಗಿರಣಿಯ ಒಡೆಯನೊಬ್ಬನು ಅದೇ ಯಂತ್ರಗಳನ್ನು ನಾಲ್ಕು ಕೊಂಡು ಸಾಲಾಗಿ ನಿಲ್ಲಿಸಿದರೆ ಮಡಿವಾಳರ ಮಗನು ಅಲ್ಲಿ ಕೂಲಿಯಾಳಾಗಿ ನಿಲ್ಲುವನು. ಯಂತ್ರವು ಅವನ ಅಂಗಡಿಗೆ ಬಂದರೆ ಅವನೇ ಒಡೆಯನಾಗುವನು. ಉಕ್ಕು ಎರಡು ಕಡೆಯೂ ಒಂದೇ.

ಸಿಂಧನೂರಿನ ಯಾವುದಾದರೊಂದು ಅಂಗಡಿಯಲ್ಲಿ ಇಂಥ ಒಂದು ಸಂವಾದ ನಡೆಯುವುದನ್ನು ಊಹಿಸುವುದು ಕಷ್ಟವಲ್ಲ. ಮಡಿವಾಳರ ಮನೆಯಾಕೆಯೊಬ್ಬಳು ಬಂದು ಸಾಲುಗಟ್ಟಿ ನಿಂತ ಬಿಳಿಯ ಯಂತ್ರಗಳನ್ನು ಒಂದೊಂದಾಗಿ ನೋಡುತ್ತಾಳೆ. ಒಂದರ ಬಾಗಿಲನ್ನು ತೆರೆದು ಒಳಗೆ ಕೈಯಿಟ್ಟು ಡ್ರಮ್ಮನ್ನು ತಿರುಗಿಸಿ ಅದರ ಸದ್ದಿಗೆ ಕಿವಿಗೊಡುತ್ತಾಳೆ.

“ತಗೋರಿ ಅಕ್ಕಾರ, ಡ್ರಮ್ ಸ್ಟೀಲಿಂದು. ಮೋಟರಿಗೆ ಹತ್ತು ವರ್ಷ ಗ್ಯಾರಂಟಿ ಐತಿ.”

“ಮನಿಗಲ್ಲ ಅಣ್ಣಾರ, ಹಾಸ್ಟೆಲ್ ಬಟ್ಟಿಗೆ. ದಿನಾ ಏಳೆಂಟು ಸಲ ತಿರುಗಬೇಕು. ಆವಾಗೂ ಗ್ಯಾರಂಟಿ ನಡೀತೈತೇನ್ರಿ?”

ಅಂಗಡಿಯವನು ಗ್ಯಾರಂಟಿಯ ಪುಸ್ತಕವನ್ನು ತಿರುವುತ್ತಾನೆ. ಗೃಹಬಳಕೆಗೆ ಮಾತ್ರ, ವಾಣಿಜ್ಯ ಬಳಕೆಗೆ ಅನ್ವಯಿಸದು ಎಂಬ ಸಾಲು ಸಣ್ಣ ಅಕ್ಷರದಲ್ಲಿ ಕೊನೆಯ ಪುಟದಲ್ಲಿದೆ. ಅದನ್ನು ಓದಿಯೂ ಓದದವನಂತೆ ಪುಸ್ತಕವನ್ನು ಮುಚ್ಚುತ್ತಾನೆ.

“ಕೆಟ್ರ ರಿಪೇರಿಗೆ ಎಲ್ಲಿಂದ ಬರ್ತಾರ?”

“ರಾಯಚೂರಿಂದ ಬರ್ತಾರ್ರಿ.”

“ಎಷ್ಟು ದಿನಕ್ಕ?”

“ತಡೀರಿ ಅಕ್ಕಾರ, ಕಂಪನಿಗೆ ಫೋನ್ ಹಚ್ಚಿ ಕೇಳ್ತೀನಿ,” ಎಂದು ಅವನು ಬಾಗಿಲ ಕಡೆಗೆ ಹೋಗುತ್ತಾನೆ. ಅವಳು ಕುರ್ಚಿಯಲ್ಲಿ ಕೂರದೆ, ಡ್ರಮ್ಮಿನ ಮೇಲಿಟ್ಟ ಕೈಯನ್ನು ತೆಗೆಯದೆ, ಅಲ್ಲಿಯೇ ನಿಂತಿರುತ್ತಾಳೆ.